“ನರ ಸಣ್ಣ” ಎಂದ ಮೇಲೆ

ದೊಡ್ಡಮ್ಮನ ಎಡಗೈಯ ಬಳೆಗಳನ್ನು ತೆಗೆದದ್ದು ಆಸ್ಪತ್ರೆಯ ಕೈತೊಳೆಯುವ ಬೇಸಿನ್ ಬಳಿ, ಸೋಪಿನ ನೊರೆ ಹಚ್ಚಿ. ಹಸಿರು ಗಾಜಿನ ಬಳೆಗಳು. ಒಂದೂ ಒಡೆಯಬಾರದು ಎಂದು ಅವರು ಉಸಿರು ಬಿಗಿಹಿಡಿದು ನಿಂತಿದ್ದರು. ಯಜಮಾನರು ಇರುವಾಗ ಕೈ ಬೋಳು ಮಾಡಿಕೊಳ್ಳುವುದು ಅವರಿಗೆ ಶಸ್ತ್ರಚಿಕಿತ್ಸೆಗಿಂತ ದೊಡ್ಡ ಸಂಕಟವಾಗಿತ್ತು. ಅಂದು ಮಣಿಕಟ್ಟಿನಲ್ಲಿ ಡಯಾಲಿಸಿಸ್‌ಗಾಗಿ, ಅಂದರೆ ಮೂತ್ರಪಿಂಡದ ಬದಲು ಯಂತ್ರದಲ್ಲಿ ರಕ್ತ ತೊಳೆಸಲು, ಎರಡು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದರು. ಎರಡು ತಿಂಗಳು ಕಾದರೂ ಅದು ಬೆಳೆಯಲಿಲ್ಲ. ಮತ್ತೆ ತೋರಿಸಲು ಹೋದಾಗ ವೈದ್ಯರು, “ನಿಮ್ಮ ನರ ಸಣ್ಣ ಅಮ್ಮ, ಹೆಂಗಸರಿಗೆ ಹೀಗಾಗುತ್ತದೆ” ಎಂದು ಹೇಳಿ ಮುಂದಿನವರನ್ನು ಕರೆದರು. ಆಯನೂರು, ರಿಪ್ಪನ್‌ಪೇಟೆ ದಾಟಿ ಹೊಸನಗರದ ಕಡೆ ಬಸ್ಸು ಹೋಗುತ್ತಿದ್ದಷ್ಟು ಹೊತ್ತೂ ದೊಡ್ಡಮ್ಮ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು, ಏನೋ ತಪ್ಪು ಮಾಡಿದ ಕೈಯನ್ನು ನೋಡುವಂತೆ.

ವೈದ್ಯರು ಹೇಳಿದ್ದು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಂತದ್ದು ತಪ್ಪು. “ನರ ಸಣ್ಣ” ಎಂಬುದರಿಂದ ಚಿಕಿತ್ಸೆಯ ಯೋಚನೆ ಶುರುವಾಗಬೇಕು, ಅಲ್ಲಿಗೆ ಮುಗಿಯಬಾರದು. ಅದು ಏಕೆ ಎಂದು ಅಂದಿನಿಂದ ಓದಿ, ಕೇಳಿ, ಡಯಾಲಿಸಿಸ್ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತು ತಿಳಿದುಕೊಂಡಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಪಠ್ಯಪುಸ್ತಕದಲ್ಲಿ ನರ ಎಂದರೆ ಮಿದುಳಿನ ಸಂದೇಶ ಒಯ್ಯುವ ತಂತು. ನಮ್ಮ ಆಡುಮಾತಿನಲ್ಲಿ ಸೂಜಿ ಚುಚ್ಚುವಾಗ ಸಿಗುವ ಅಥವಾ ಸಿಗದಿರುವ ರಕ್ತನಾಳವೂ ನರವೇ. ಹೃದಯದಿಂದ ರಕ್ತವನ್ನು ರಭಸವಾಗಿ ತರುವುದು ಅಪಧಮನಿ, ಅದನ್ನು ನಿಧಾನವಾಗಿ ಹೃದಯಕ್ಕೆ ಮರಳಿಸುವುದು ಅಭಿಧಮನಿ. ಚರ್ಮದಡಿ ನೀಲಿಯಾಗಿ ಕಾಣುವುದು, ದೊಡ್ಡಮ್ಮನಲ್ಲಿ ಸಣ್ಣದೆಂದು ಹೇಳಿಸಿಕೊಂಡದ್ದು ಈ ಎರಡನೆಯದು.

ಡಯಾಲಿಸಿಸ್ ಯಂತ್ರಕ್ಕೆ ಎಷ್ಟು ರಕ್ತ ಬೇಕು ಎಂಬುದನ್ನು ಮೊದಲು ನೋಡೋಣ. ನಿಮಿಷಕ್ಕೆ 300 ಮಿಲಿಲೀಟರಿನಂತೆ ನಾಲ್ಕು ಗಂಟೆ ನಡೆಸಿದರೆ 72 ಲೀಟರ್ ಆಗುತ್ತದೆ. ದೇಹದಲ್ಲಿರುವುದು ನಾಲ್ಕೈದು ಲೀಟರ್ ಮಾತ್ರ. ಅಂದರೆ ಅದೇ ರಕ್ತ ಹದಿನೈದು ಸಲದಷ್ಟು ಹೊರಗೆ ಬಂದು, ತೊಳೆಸಿಕೊಂಡು, ಒಳಗೆ ಹೋಗಬೇಕು. ವಾರಕ್ಕೆ ಎರಡು ಅಥವಾ ಮೂರು ದಿನ, ವರ್ಷಗಟ್ಟಲೆ. ಕೈಯ ಸಾಮಾನ್ಯ ಅಭಿಧಮನಿಗೆ ಸೂಜಿ ಹಾಕಿ ಎಳೆದರೆ ಇಷ್ಟು ರಕ್ತ ಬರುವುದಿಲ್ಲ, ನಾಳ ಕುಸಿದು ಅಂಟಿಕೊಳ್ಳುತ್ತದೆ. ಅಪಧಮನಿಯಲ್ಲಿ ರಭಸವಿದೆ, ಆದರೆ ಅದು ಆಳದಲ್ಲಿದೆ. ಅದಕ್ಕೆ ಮತ್ತೆ ಮತ್ತೆ ದಪ್ಪ ಸೂಜಿ ಚುಚ್ಚುವುದು ಅಪಾಯ.

ಈ ತೊಡಕು ಡಯಾಲಿಸಿಸ್ ಹುಟ್ಟಿದ ದಿನದಿಂದಲೂ ಇದೆ. ನೆದರ್ಲೆಂಡ್ಸ್‌ನ ವಿಲೆಮ್ ಕೋಲ್ಫ್ 1943ರಲ್ಲಿ, ಯುದ್ಧದ ನಡುವೆ, ತಮ್ಮ ಯಂತ್ರವನ್ನು ಮೊದಲು ಬಳಸಿದಾಗ ಪ್ರತಿ ಸಲವೂ ಹೊಸ ರಕ್ತನಾಳವನ್ನು ಹುಡುಕಬೇಕಾಗಿತ್ತು. 1945ರಲ್ಲಿ ಆ ಯಂತ್ರದಿಂದ ಮೊದಲು ಬದುಕುಳಿದವರು 67 ವರ್ಷದ ಒಬ್ಬ ಮಹಿಳೆ. ಇದನ್ನು ಹೇಳಿದಾಗ ದೊಡ್ಡಮ್ಮನಿಗೆ ಬಹಳ ಸಮಾಧಾನವಾಯಿತು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ಮತ್ತು ಸಂಗಡಿಗರು ಟೆಫ್ಲಾನ್ ಕೊಳವೆಯನ್ನು ಕೈಯಲ್ಲೇ ಉಳಿಸುವ ದಾರಿ ಕಂಡುಕೊಂಡರು. 1966ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿದ್ದ ಬ್ರೆಶಿಯಾ, ಚಿಮಿನೋ ಮತ್ತು ಸಂಗಡಿಗರು ಕೊಳವೆಯ ಗೊಡವೆಯೇ ಇಲ್ಲದ ಉಪಾಯವನ್ನು ಪ್ರಕಟಿಸಿದರು. ಮಣಿಕಟ್ಟಿನ ಬಳಿ ಅಪಧಮನಿ ಮತ್ತು ಅಭಿಧಮನಿಯನ್ನು ಚರ್ಮದೊಳಗೇ ಜೋಡಿಸಿ ಹೊಲಿಯುವುದು. ಅದೇ ಫಿಸ್ಟುಲಾ. ಅವರು ಕೆಲಸ ಮಾಡುತ್ತಿದ್ದದ್ದು ಮಾಜಿ ಸೈನಿಕರ ಆಸ್ಪತ್ರೆಯಲ್ಲಿ, ಅಲ್ಲಿಗೆ ಬರುತ್ತಿದ್ದವರಲ್ಲಿ ಬಹುಪಾಲು ಗಂಡಸರು. ಮಣಿಕಟ್ಟಿನ ಫಿಸ್ಟುಲಾ ಎಲ್ಲರಿಗೂ ಮೊದಲ ಆಯ್ಕೆ ಎಂಬ ರೂಢಿ ಬೆಳೆದು ಬಂದ ಬಗೆಯನ್ನು ಯೋಚಿಸುವಾಗ ಈ ಸಂಗತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಜೋಡಿಸಿದ ಮೇಲೆ ಏನಾಗುತ್ತದೆ ಎಂಬುದನ್ನು ಅಡಿಕೆ ತೋಟದವರಿಗೆ ಹೇಳುವುದು ಸುಲಭ. ತೋಟದ ಬಸಿಗಾಲುವೆಗೆ ಹಳ್ಳದ ನೀರನ್ನು ತಿರುಗಿಸಿದರೆ ಮೊದಲ ಮಳೆಗಾಲದಲ್ಲೇ ಕಾಲುವೆ ಅಗಲವಾಗುತ್ತದೆ, ಆಳವಾಗುತ್ತದೆ. ಅಭಿಧಮನಿಯೂ ಹಾಗೆಯೇ. ಅಪಧಮನಿಯ ರಭಸ ಒಳಗೆ ನುಗ್ಗಿದಾಗ ಅದರ ಒಳಪದರ ಆ ಉಜ್ಜುವಿಕೆಯನ್ನು ಗ್ರಹಿಸಿ ನಾಳವನ್ನು ಹಿಗ್ಗಿಸುತ್ತದೆ, ಗೋಡೆ ದಪ್ಪವಾಗುತ್ತದೆ. ಆರೇಳು ವಾರಗಳಿಂದ ಮೂರು ತಿಂಗಳೊಳಗೆ ಅದು ದಪ್ಪ ಸೂಜಿ ತಾಳಿಕೊಳ್ಳುವಷ್ಟು ಬಲಿಯಬೇಕು. ವೈದ್ಯರು ನೆನಪಿಡುವ ಲೆಕ್ಕದಲ್ಲಿ ಎಲ್ಲವೂ ಆರು: ಆರು ವಾರದ ಹೊತ್ತಿಗೆ ನಾಳ 6 ಮಿಲಿಮೀಟರ್ ಅಗಲವಿರಬೇಕು, ಚರ್ಮದಿಂದ 6 ಮಿಲಿಮೀಟರಿಗಿಂತ ಆಳದಲ್ಲಿರಬಾರದು, ನಿಮಿಷಕ್ಕೆ 600 ಮಿಲಿಲೀಟರ್ ರಕ್ತ ಹರಿಯಬೇಕು.

ಈ ಮೂರು ಅಳತೆಗಳಲ್ಲೂ ಹೆಣ್ಣಿನ ಕೈ ಸ್ವಲ್ಪ ಹಿಂದಿನಿಂದ ಓಟ ಆರಂಭಿಸುತ್ತದೆ. ಸರಾಸರಿಯಲ್ಲಿ ಹೆಂಗಸರ ಅಪಧಮನಿ, ಅಭಿಧಮನಿ ಎರಡೂ ಕಿರಿದು. ಚರ್ಮದಡಿಯ ಕೊಬ್ಬು ಹೆಚ್ಚು ಇರುವುದರಿಂದ ನಾಳ ಆಳದಲ್ಲಿರುತ್ತದೆ. ಕಿರಿದು ಎಂದರೆ ಒಂದೆರಡು ಕೂದಲೆಳೆಯಷ್ಟೇ ಅಲ್ಲವೇ ಎನಿಸಬಹುದು. ಇಲ್ಲಿ ಫ್ರಾನ್ಸಿನ ವೈದ್ಯ ಪಾಸೆಯ್ 1840ರ ದಶಕದಲ್ಲಿ ಪ್ರಕಟಿಸಿದ ನಿಯಮ ಕೆಲಸ ಮಾಡುತ್ತದೆ. ಒತ್ತಡ ಮತ್ತು ಉದ್ದ ಒಂದೇ ಆಗಿದ್ದರೆ, ಕೊಳವೆಯಲ್ಲಿ ಸರಾಗವಾಗಿ ಹರಿಯುವ ದ್ರವದ ಪ್ರಮಾಣವು ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ. 2 ಮಿಲಿಮೀಟರ್ ನಾಳಕ್ಕಿಂತ 3 ಮಿಲಿಮೀಟರ್ ನಾಳ ಒಂದೂವರೆ ಪಟ್ಟು ಅಗಲ, ಆದರೆ ಅದರಲ್ಲಿ ಹರಿಯುವುದು ಐದು ಪಟ್ಟು. ಗುಡ್ಡದ ಅಬ್ಬಿಯಿಂದ ಮನೆಗೆ ನೀರು ಇಳಿಸುವಾಗ ಅರ್ಧ ಇಂಚಿನ ಪೈಪು ಹಾಕಿ ಪಶ್ಚಾತ್ತಾಪ ಪಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೀಗಾಗಿ ಹೆಂಗಸರಲ್ಲಿ ಫಿಸ್ಟುಲಾ ಬಲಿಯದೆ ಉಳಿಯುವುದು ಹೆಚ್ಚು. ಬಲಿಯಲು ಬಲೂನು ಹಾಕಿ ಹಿಗ್ಗಿಸುವಂತಹ ಮರುಚಿಕಿತ್ಸೆ ಬೇಕಾಗುವುದೂ ಹೆಚ್ಚು. ಕೊನೆಗೆ ಕುತ್ತಿಗೆಯ ದೊಡ್ಡ ನಾಳಕ್ಕೆ ಹಾಕಿದ ಕೊಳವೆಯಲ್ಲೇ ಡಯಾಲಿಸಿಸ್ ಮುಂದುವರಿಸುವವರಲ್ಲಿ ಹೆಂಗಸರ ಪಾಲು ಹೆಚ್ಚು ಎಂಬುದು ಹಲವು ದೇಶಗಳ ಅನುಭವ.

ಇಲ್ಲಿಯವರೆಗೆ ಹೇಳಿದ್ದು ದೇಹದ ಕಥೆ. ವಿಷಯ ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಅಮೆರಿಕದ ಅಲಬಾಮಾದ ವೈದ್ಯರ ತಂಡವೊಂದು 2001ರಲ್ಲಿ ತಮ್ಮ ಆಸ್ಪತ್ರೆಯ ಅನುಭವ ಪ್ರಕಟಿಸಿತು. ಅದುವರೆಗೆ ಅಲ್ಲಿ ಕೈಯನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಜಾಗ ಆರಿಸುತ್ತಿದ್ದರು. ಬಳಿಕ ಶಸ್ತ್ರಚಿಕಿತ್ಸೆಗೆ ಮೊದಲು ಅಲ್ಟ್ರಾಸೌಂಡ್‌ನಿಂದ ಎರಡೂ ಕೈಗಳ ರಕ್ತನಾಳಗಳನ್ನು ಅಳೆದು ನಕ್ಷೆ ಮಾಡತೊಡಗಿದರು. ಮುಂಗೈಯ ಫಿಸ್ಟುಲಾ ಬಳಕೆಗೆ ಬರುವ ಪ್ರಮಾಣ ಹೆಂಗಸರಲ್ಲಿ ಶೇಕಡಾ 7 ಇದ್ದದ್ದು 36ಕ್ಕೆ ಏರಿತು. 36 ಎಂಬುದು ಹೆಮ್ಮೆಪಡುವ ಸಂಖ್ಯೆಯಲ್ಲ, ಮೂವರಲ್ಲಿ ಇಬ್ಬರಿಗೆ ಆಗಲೂ ಆಗಲಿಲ್ಲ. ಆದರೂ ಆ ಹೆಂಗಸರ ರಕ್ತನಾಳಗಳೇನೂ ದಿಢೀರನೆ ಅಗಲವಾಗಿರಲಿಲ್ಲ. ಬದಲಾದದ್ದು ಹುಡುಕುವ ರೀತಿ ಮಾತ್ರ.

ಈ ನಕ್ಷೆ ನೋವಿಲ್ಲದ ಪರೀಕ್ಷೆ. ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಮಾಡುವಂತೆಯೇ ತೋಳಿನ ಮೇಲೆ ಜೆಲ್ ಹಚ್ಚಿ ನೋಡುತ್ತಾರೆ. ಸಾಮಾನ್ಯವಾಗಿ ಅಪಧಮನಿ 2 ಮಿಲಿಮೀಟರ್, ಅಭಿಧಮನಿ ಎರಡೂವರೆ ಮಿಲಿಮೀಟರ್ ಇದ್ದರೆ ಫಿಸ್ಟುಲಾ ಯೋಚಿಸಬಹುದು ಎನ್ನುತ್ತಾರೆ. ಮಣಿಕಟ್ಟಿನಲ್ಲಿ ಅಷ್ಟಿಲ್ಲದಿದ್ದರೆ ಮೊಣಕೈ ಮಡಿಕೆಯಲ್ಲಿ ಇರಬಹುದು. ತೋಳಿನ ಒಳಬದಿಯ ಆಳದ ನಾಳವನ್ನು ಬಿಡಿಸಿ ಮೇಲಕ್ಕೆ ತಂದು ಕೂರಿಸುವ ಶಸ್ತ್ರಚಿಕಿತ್ಸೆಯೂ ಇದೆ. ಮಲೆನಾಡಿನವರಿಗೆ ಮುಖ್ಯವಾದ ಮಾತು ಇನ್ನೊಂದಿದೆ. ಚಳಿಗೆ ಅಭಿಧಮನಿ ಮುದುಡುತ್ತದೆ. ಆಷಾಢದ ಮಳೆಯಲ್ಲಿ ನೆನೆದು, ಬಸ್ಸಿನ ಕಿಟಕಿಯ ಇರಚಲು ಹೊಡೆಸಿಕೊಂಡು, ಮಂಜಿನಂಥ ಕೈ ಹೊತ್ತು ಬಂದವರ ನಾಳವನ್ನು ತಕ್ಷಣ ಅಳೆದರೆ ಇರುವುದಕ್ಕಿಂತ ಕಿರಿದಾಗಿ ಕಾಣುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿ, ತೋಳಿಗೆ ಪಟ್ಟಿ ಬಿಗಿದು, ನಾಳ ತುಂಬಿದ ಮೇಲೆ ಅಳೆಯಬೇಕು. ದೊಡ್ಡಮ್ಮನ ಮೊದಲ ಶಸ್ತ್ರಚಿಕಿತ್ಸೆಗೆ ಮುಂಚೆ ಅಳೆಯಲೇ ಇಲ್ಲ.

ಎರಡನೆಯ ಸಂಗತಿ ತಡ. ಹೆಂಗಸರು ತಡವಾಗಿ ಬರುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಮನೆ, ಕೊಟ್ಟಿಗೆ, ಅಡಿಕೆ ಸುಗ್ಗಿ ಮುಗಿಯಲಿ ಎನ್ನುತ್ತಾರೆ, ಕಾಲು ಊದಿದರೆ ನಿಂತು ನಿಂತು ಬಂದದ್ದು ಎನ್ನುತ್ತಾರೆ. ಎಲ್ಲವೂ ನಿಜ. ಆದರೆ ಪ್ರಯೋಗಾಲಯದ ಚೀಟಿಯಲ್ಲೂ ಒಂದು ತಡ ಅಡಗಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ.

ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ನೋಡುತ್ತಾರೆ. ಅದು ಸ್ನಾಯುಗಳಿಂದ ಬರುವ ತ್ಯಾಜ್ಯ. ಸ್ನಾಯು ಕಡಿಮೆ ಇರುವವರಲ್ಲಿ ಅದು ಹುಟ್ಟುವುದೇ ಕಡಿಮೆ. ಆದ್ದರಿಂದ ಒಂದೇ ಸಂಖ್ಯೆ ಗಂಡಸಿನಲ್ಲೂ ಹೆಂಗಸಿನಲ್ಲೂ ಒಂದೇ ಅರ್ಥ ಕೊಡುವುದಿಲ್ಲ. 60 ವರ್ಷದ ಗಂಡ ಹೆಂಡತಿ ಇಬ್ಬರ ಕ್ರಿಯಾಟಿನಿನ್ನೂ 2.0 ಎಂದಿಟ್ಟುಕೊಳ್ಳಿ. ವಯಸ್ಸು, ಲಿಂಗ ಸೇರಿಸುವ 2021ರ ಸೂತ್ರದಲ್ಲಿ ಲೆಕ್ಕ ಹಾಕಿದರೆ ಗಂಡನ ಮೂತ್ರಪಿಂಡದ ಸೋಸುವ ಶಕ್ತಿ ಸುಮಾರು 37, ಹೆಂಡತಿಯದು ಸುಮಾರು 28. 30ಕ್ಕಿಂತ ಕೆಳಗೆ ಇಳಿದರೆ ನಾಲ್ಕನೆಯ ಹಂತ. ಮುಂದೆ ಡಯಾಲಿಸಿಸ್ ಬೇಕಾಗಬಹುದು, ಕೈಯ ನಾಳ ಉಳಿಸಿಕೊಳ್ಳಿ ಎಂದು ಹೇಳಬೇಕಾದ ಹೊತ್ತು ಅದು. 20ರಿಂದ 15ರ ಕಡೆ ಇಳಿಯುತ್ತಿದ್ದರೆ ಫಿಸ್ಟುಲಾಕ್ಕೆ ಶಸ್ತ್ರಚಿಕಿತ್ಸಕರ ಬಳಿ ಕಳುಹಿಸುವ ಹೊತ್ತು. “ಬರೀ ಎರಡು ಇದೆ, ಮಾತ್ರೆ ನುಂಗಿ, ಆರು ತಿಂಗಳು ಬಿಟ್ಟು ಬನ್ನಿ” ಎಂಬ ಮಾತು ಆ ಗಂಡನಿಗಿಂತ ಆ ಹೆಂಡತಿಗೆ ಹೆಚ್ಚು ಹಾನಿ ಮಾಡುತ್ತದೆ. ಬಲಿಯಲು ಹೆಚ್ಚು ಸಮಯ ಬೇಕಾದ ನಾಳವಿರುವವಳಿಗೇ ಸಮಯ ಕಡಿಮೆ ಸಿಗುತ್ತದೆ. ಈ ಅಂಕಗಣಿತವನ್ನು ಅರ್ಥ ಮಾಡಿಕೊಂಡ ರಾತ್ರಿ ನನಗೆ ನಿದ್ರೆ ಬರಲಿಲ್ಲ. ದೊಡ್ಡಮ್ಮನ ಹಳೆಯ ಚೀಟಿಗಳನ್ನೆಲ್ಲ ತೆಗೆದು ಒಂದೊಂದಾಗಿ ಲೆಕ್ಕ ಹಾಕಿದೆ. ಎರಡು ವರ್ಷಗಳ ಹಿಂದೆಯೇ ಅವರು 30ರ ಕೆಳಗೆ ಇಳಿದಿದ್ದರು. ಚೀಟಿಯಲ್ಲಿ ಕ್ರಿಯಾಟಿನಿನ್ ಇದ್ದರೆ ವಯಸ್ಸು, ಲಿಂಗ ಸೇರಿಸಿ ಇ-ಜಿಎಫ್‌ಆರ್, ಅಂದರೆ ಈ ಸೋಸುವ ಶಕ್ತಿ, ಎಷ್ಟು ಎಂದು ದಯವಿಟ್ಟು ಕೇಳಿ.

ತಡವಾದಾಗ ಉಳಿಯುವುದು ಕುತ್ತಿಗೆಯ ಕೊಳವೆ. ಉಸಿರಾಟ ಕಟ್ಟಿ, ಮೈಯೆಲ್ಲ ನೀರು ತುಂಬಿ ಬಂದವರನ್ನು ಅದೇ ಬದುಕಿಸುತ್ತದೆ, ಅದನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಚರ್ಮವನ್ನು ದಾಟಿ ನೇರವಾಗಿ ಹೃದಯದ ಬಾಗಿಲವರೆಗೆ ಹೋಗುವ ಪ್ಲಾಸ್ಟಿಕ್ ಅದು. ಸೋಂಕು ಸುಲಭವಾಗಿ ರಕ್ತಕ್ಕೆ ಇಳಿಯುತ್ತದೆ. ಡಯಾಲಿಸಿಸ್ ಶುರುವಾದ ಅರ್ಧ ಗಂಟೆಗೆ ಗಡಗಡ ನಡುಗುವ ಚಳಿಜ್ವರ ಬಂದರೆ ಮೊದಲು ಅದನ್ನೇ ಸಂಶಯಿಸಬೇಕು. ಬಹಳ ದಿನ ಇಟ್ಟರೆ, ಅದರಲ್ಲೂ ಕೊರಳೆಲುಬಿನ ಕೆಳಗಿನ ನಾಳಕ್ಕೆ ಹಾಕಿದರೆ, ಎದೆಯೊಳಗಿನ ದೊಡ್ಡ ಅಭಿಧಮನಿ ಕಿರಿದಾಗಿ ಆ ಬದಿಯ ಕೈಯ ಫಿಸ್ಟುಲಾಗಳಿಗೆಲ್ಲ ದಾರಿ ಮುಚ್ಚುತ್ತದೆ. ಅದಕ್ಕೇ ಸಾಧ್ಯವಾದಷ್ಟು ಬಲಗುತ್ತಿಗೆಯ ನಾಳವನ್ನು ಆರಿಸುತ್ತಾರೆ. ಮಾಂಗಲ್ಯದ ಸರ, ಸೆರಗಿನ ಪಿನ್ನು, ಜಡೆಯ ಬೆವರು ಎಲ್ಲವೂ ಆ ಡ್ರೆಸ್ಸಿಂಗ್ ಸುತ್ತ ಸುಳಿಯುತ್ತವೆ. ಹೆಂಗಸರು ಇದನ್ನು ಯಾರ ಬಳಿ ಹೇಳಿಕೊಳ್ಳಬೇಕು ಎಂದು ತಿಳಿಯದೆ ಸುಮ್ಮನಿರುತ್ತಾರೆ. ಮಳೆಗಾಲದ ನಮ್ಮೂರಿನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಡ್ರೆಸ್ಸಿಂಗ್ ಒಣಗಿರಬೇಕೆಂದರೆ ಮನೆಯವರೆಲ್ಲ ಸೇರಿ ಕಾಯಬೇಕು.

ನಾಳ ಉಳಿಸಿಕೊಳ್ಳುವುದು ಎಂದೆನಲ್ಲ, ಅದು ಮನೆಯಿಂದಲೇ ಶುರುವಾಗುವ ಕೆಲಸ. ಸುಸ್ತಾದರೆ “ಒಂದು ಗ್ಲೂಕೋಸ್ ಹಾಕಿಸಿ” ಎಂಬುದು ನಮ್ಮ ಕಡೆಯ ದೊಡ್ಡ ನಂಬಿಕೆ. ಆ ಡ್ರಿಪ್ಪಿನ ಸೂಜಿ ಹೋಗುವುದು ಮುಂಗೈಯ ಚೆನ್ನಾಗಿ ಕಾಣುವ ನಾಳಕ್ಕೆ. ಒಳಗೆ ಗಾಯವಾಗಿ, ಕಲೆಗಟ್ಟಿ, ನಾಳ ಹಗ್ಗದಂತೆ ಗಟ್ಟಿಯಾಗುತ್ತದೆ. ಹೆರಿಗೆಗಳು, ರಕ್ತಹೀನತೆಗೆ ಏರಿಸಿದ ಬಾಟಲಿಗಳು, ಗರ್ಭಕೋಶದ ಶಸ್ತ್ರಚಿಕಿತ್ಸೆ, ಹೀಗೆ ಒಬ್ಬ ಹೆಂಗಸಿನ ಕೈ ಐವತ್ತರ ಹೊತ್ತಿಗೆ ಬಹಳ ಸೂಜಿಗಳನ್ನು ಕಂಡಿರುತ್ತದೆ. ಲೂಪಸ್ ಎಂಬ ಕಾಯಿಲೆ ಬಹುಪಾಲು ಹೆಂಗಸರನ್ನೇ ಕಾಡುತ್ತದೆ, ಎಳೆಯ ವಯಸ್ಸಿನಲ್ಲೇ ಮೂತ್ರಪಿಂಡವನ್ನು ಕೆಡಿಸಬಲ್ಲದು. ಅಂಥವರ ನಾಳಗಳು ಇಪ್ಪತ್ತೈದಕ್ಕೇ ದಣಿದಿರುತ್ತವೆ. ಮೂತ್ರಪಿಂಡದ ದೋಷ ಇದೆ ಎಂದು ತಿಳಿದ ದಿನದಿಂದ ಬರೆಯದ ಕೈಯನ್ನು, ಅಂದರೆ ಹೆಚ್ಚಿನವರಿಗೆ ಎಡಗೈಯನ್ನು, ಕಾಯ್ದಿರಿಸಬೇಕು. ರಕ್ತ ತೆಗೆಯುವುದಿದ್ದರೂ ಡ್ರಿಪ್ ಹಾಕುವುದಿದ್ದರೂ ಅಂಗೈಯ ಹಿಂಭಾಗದಲ್ಲಿ ಎಂದು ಕೇಳಿಕೊಳ್ಳಬೇಕು. ನರ್ಸ್ ಬೇಸರ ಮಾಡಿಕೊಳ್ಳಬಹುದು, ಆದರೂ ಕೇಳಬೇಕು.

ಫಿಸ್ಟುಲಾ ಆದ ಕೈಯೊಂದಿಗೆ ಬದುಕುವುದರಲ್ಲೂ ಗಂಡಸಿಗೂ ಹೆಂಗಸಿಗೂ ವ್ಯತ್ಯಾಸವಿದೆ. ಆಸ್ಪತ್ರೆಯ ಕರಪತ್ರ “ಭಾರ ಎತ್ತಬೇಡಿ, ಕೈಗೆ ಬಿಗಿ ಬೇಡ” ಎನ್ನುತ್ತದೆ. ನಮ್ಮೂರಿನ ಹೆಂಗಸಿನ ದಿನದಲ್ಲಿ ಭಾರ ಎಂದರೆ ನೀರಿನ ಕೊಡ, ಸೊಪ್ಪಿನ ಹೊರೆ, ದರಗಿನ ಬುಟ್ಟಿ, ಹಾಲಿನ ಕ್ಯಾನು. ಬಿಗಿ ಎಂದರೆ ಬಳೆ, ರವಿಕೆಯ ತೋಳು. ಮೊಣಕೈ ಮೇಲಿನ ಫಿಸ್ಟುಲಾ ಇದ್ದವರಿಗೆ ಬಿಗಿಯಾದ ರವಿಕೆ ತೋಳು ರಕ್ತದ ಹರಿವನ್ನೇ ತಡೆಯಬಹುದು, ಆ ಬದಿಯ ತೋಳನ್ನು ಸಡಿಲ ಹೊಲಿಸಬೇಕು. ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂರುವವರು ಇನ್ನೂ ಎಚ್ಚರವಾಗಿರಬೇಕು. ಫಿಸ್ಟುಲಾಕ್ಕೆ ಗಾಯವಾದರೆ ಚಿಮ್ಮುವುದು ಅಪಧಮನಿಯ ರಭಸದ ರಕ್ತ. ಹಾಗಾದರೆ ಗಾಯದ ಜಾಗವನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಓಡಬೇಕು. ಆ ಕೈ ಮೇಲೆ ತಲೆ ಇಟ್ಟು ಮಲಗಬಾರದು, ಅದರಲ್ಲಿ ರಕ್ತದೊತ್ತಡ ಅಳೆಯಲು ಬಿಡಬಾರದು. ಹಾಗೆಂದು ಕೈಯನ್ನು ಕಟ್ಟಿಹಾಕಿದಂತೆ ಇಡುವುದೂ ಬೇಡ. ಹೊಲಿಗೆ ಒಣಗಿದ ಮೇಲೆ ಮೆತ್ತನೆಯ ಚೆಂಡನ್ನು ಹಿಸುಕುವ ವ್ಯಾಯಾಮವನ್ನು ವೈದ್ಯರೇ ಹೇಳಿಕೊಡುತ್ತಾರೆ.

ಹೆಂಗಸರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೆಚ್ಚಾಗಿ ಕಾಣುವ ಇನ್ನೊಂದು ತೊಂದರೆ ಇದೆ. ಬೆರಳುಗಳಿಗೆ ಹೋಗಬೇಕಾದ ರಕ್ತವನ್ನು ಫಿಸ್ಟುಲಾ ತನ್ನ ಕಡೆ ಸೆಳೆದುಕೊಂಡು ಬೆರಳು ತಣ್ಣಗಾಗುತ್ತದೆ, ಜೋಮು ಹಿಡಿಯುತ್ತದೆ, ನೋಯುತ್ತದೆ. ನಮ್ಮಲ್ಲಿ ತಣ್ಣಗಾದ ಬೆರಳನ್ನು ಮಳೆಯ ಲೆಕ್ಕಕ್ಕೆ ಬರೆದು ಬಿಡುತ್ತಾರೆ. ಎರಡೂ ಕೈ ಮುಟ್ಟಿ ನೋಡಿ. ಒಂದೇ ಕೈ ತಣ್ಣಗಿದ್ದರೆ ಅದು ಮಳೆಯದಲ್ಲ.

ಎಷ್ಟು ಹುಡುಕಿದರೂ ಸರಿಯಾದ ನಾಳ ಸಿಗದವರೂ ಇದ್ದಾರೆ. ಅಂಥವರಿಗೆ ಪಿಟಿಎಫ್‌ಇ ಎಂಬ ವಸ್ತುವಿನ ಕೃತಕ ನಾಳ, ಅಂದರೆ ಗ್ರಾಫ್ಟ್, ಕೂರಿಸಬಹುದು. ಎರಡು ಮೂರು ವಾರಕ್ಕೇ ಬಳಸಬಹುದು, ಆದರೆ ಖರ್ಚು ಹೆಚ್ಚು, ರಕ್ತ ಹೆಪ್ಪುಗಟ್ಟುವುದೂ ಸೋಂಕೂ ಫಿಸ್ಟುಲಾಕ್ಕಿಂತ ಹೆಚ್ಚು. ಅಮೆರಿಕದಲ್ಲಿ 2003ರ ಆಸುಪಾಸಿನಲ್ಲಿ “ಎಲ್ಲರಿಗೂ ಮೊದಲು ಫಿಸ್ಟುಲಾ” ಎಂಬ ಅಭಿಯಾನ ಜೋರಾಗಿತ್ತು. 2019ರ ಅಲ್ಲಿನ ಮಾರ್ಗಸೂಚಿ ಆ ಹಟವನ್ನು ಸಡಿಲಿಸಿ, ರೋಗಿಯ ವಯಸ್ಸು, ನಾಳ, ಮುಂದಿನ ಬದುಕಿನ ಯೋಜನೆ ನೋಡಿ ಆರಿಸಿ ಎಂದಿತು. ಬಲಿಯದ ಫಿಸ್ಟುಲಾಕ್ಕೆ ಕಾಯುತ್ತಾ ವರ್ಷವಿಡೀ ಕುತ್ತಿಗೆ ಕೊಳವೆಯಲ್ಲಿ ಇರುವುದಕ್ಕಿಂತ ಗ್ರಾಫ್ಟ್ ಮೇಲು ಎನ್ನಿಸುವ ಹೆಂಗಸರು ಇದ್ದಾರೆ. ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್, ಅಂದರೆ ಸಿಎಪಿಡಿಗೆ, ರಕ್ತನಾಳದ ಹಂಗೇ ಇಲ್ಲ. ದಿನಕ್ಕೆ ಮೂರು ನಾಲ್ಕು ಸಲ ಸುಮಾರು ಎರಡು ಲೀಟರ್ ದ್ರವ ಬದಲಿಸಬೇಕು, ಕೈ ಮತ್ತು ಕೋಣೆ ಶುಚಿಯಾಗಿರಬೇಕು. ಮಳೆಗೆ ದಾರಿ ಮುಚ್ಚುವ ಹಳ್ಳಿಗಳಲ್ಲಿರುವವರು ಇದರ ಬಗ್ಗೆ ಒಮ್ಮೆಯಾದರೂ ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಇನ್ನು ಮೂತ್ರಪಿಂಡದ ಕಸಿ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಮೂತ್ರಪಿಂಡ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಹಾಗಿರುವಾಗ ಡಯಾಲಿಸಿಸ್‌ನಲ್ಲೇ ಹೆಚ್ಚು ವರ್ಷ ಉಳಿಯಬೇಕಾದ ಹೆಂಗಸಿನ ಕೈಯ ನಾಳ ಇನ್ನೂ ಅಮೂಲ್ಯ.

ದೊಡ್ಡಮ್ಮನಿಗೆ ಮತ್ತೊಬ್ಬ ಶಸ್ತ್ರಚಿಕಿತ್ಸಕರು ಸಿಕ್ಕರು. ಹೋದ ತಕ್ಷಣ ಕೈ ಮುಟ್ಟಲಿಲ್ಲ, “ಮೊದಲು ಒಂದು ಲೋಟ ಕಾಫಿ ಕುಡಿದು, ಕೈ ಬೆಚ್ಚಗೆ ಮಾಡಿಕೊಂಡು ಬನ್ನಿ” ಎಂದರು. ಎರಡೂ ತೋಳನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿ, ಎಡ ಮೊಣಕೈಯ ಮೇಲೆ 3 ಮಿಲಿಮೀಟರಿನ ನಾಳವೊಂದನ್ನು ದೊಡ್ಡಮ್ಮನಿಗೇ ಪರದೆಯ ಮೇಲೆ ತೋರಿಸಿದರು. ಬಳೆಯ ಮಾತು ಬಂದಾಗ ಅಲ್ಲಿದ್ದ ಸಿಸ್ಟರ್, “ಎಡಗೈಯದನ್ನೂ ಬಲಗೈಗೇ ಹಾಕಿಕೊಳ್ಳಿ ಅಮ್ಮ, ಬಳೆ ಬಳೆಯೇ” ಎಂದರು. ಈಗ ದೊಡ್ಡಮ್ಮನ ಬಲಗೈ ತುಂಬ ಹಸಿರು ಬಳೆಗಳಿವೆ.

ಚೆನ್ನಾಗಿ ನಡೆಯುತ್ತಿರುವ ಫಿಸ್ಟುಲಾದ ಮೇಲೆ ಬೆರಳಿಟ್ಟರೆ ಒಳಗೆ ಗುಂಯ್ ಎಂಬ ಕಂಪನ ಸಿಗುತ್ತದೆ, ಕಿವಿ ಇಟ್ಟರೆ ತುಡುವೆ ಜೇನಿನ ಪೆಟ್ಟಿಗೆಯ ಸದ್ದು ಕೇಳುತ್ತದೆ. ದಿನಕ್ಕೆರಡು ಸಲ ನೋಡಬೇಕು. ಸದ್ದು ನಿಂತಿದ್ದರೆ ಒಳಗೆ ಹೆಪ್ಪುಗಟ್ಟಿದೆ ಎಂದರ್ಥ, ಅದೇ ದಿನ ಹೊರಡಬೇಕು, ನಾಳೆ ಎನ್ನಬಾರದು. ದೊಡ್ಡಮ್ಮನಿಗೆ ಕಿವಿ ಮಂದ. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಮೊಮ್ಮಗಳು ಅಜ್ಜಿಯ ತೋಳಿಗೆ ಕಿವಿ ಹಚ್ಚಿ, “ಜೇನು ಇದೆ” ಎಂದು ಹೇಳಿ ಬಸ್ಸಿಗೆ ಓಡುತ್ತಾಳೆ.